ಕರಿಯ ತೈಲದ ಕಾಪು

ಹುಬ್ಬಳ್ಳಿ ಧಾರವಾಡಗಳ ಸುತ್ತಣ ಎರೆಯ ನಾಡಿನಲ್ಲಿ ಚಕ್ಕಡಿಯೇ ಮುಖ್ಯ ವಾಹನವಾಗಿದ್ದ ಕಾಲದಲ್ಲಿ, ಹತ್ತಿಯ ಅಂಡಿಗೆಗಳನ್ನೂ ಶೇಂಗಾದ ಚೀಲಗಳನ್ನೂ ಹೊತ್ತು ನವಲಗುಂದ ಕುಂದಗೋಳಗಳ ಕಡೆಯಿಂದ ಪೇಟೆಗೆ ಬರುತ್ತಿದ್ದ ಗಾಡಿಗಳ ಅಚ್ಚಿಗೆ ಬೇಕಾದ ಕೀಲೆಣ್ಣೆಯು ಹೊಲದ ಬದುವಿನಲ್ಲಿ ಬೆಳೆದ ಔಡಲದಿಂದಲೇ ದೊರೆಯಬಹುದಾಗಿತ್ತು. ಅಚ್ಚಿನಿಂದ ತೊಟ್ಟಿಕ್ಕಿ ದಾರಿಯ ಮಣ್ಣಿಗೆ ಬಿದ್ದರೆ ಆ ಮಣ್ಣೇ ಕಾಲಕ್ರಮದಲ್ಲಿ ಅದನ್ನು ಜೀರ್ಣಿಸಿಕೊಳ್ಳುತ್ತಿದ್ದುದರಿಂದ, ಕೆಲಸ ಮುಗಿಸಿದ ಎಣ್ಣೆಯನ್ನು ಕೂಡಿಡಬೇಕು, ಜೋಪಾನವಾಗಿ ಮತ್ತೊಂದೆಡೆಗೆ ಸಾಗಿಸಬೇಕು ಎಂಬ ಚಿಂತೆ ಯಾರನ್ನೂ ಬಾಧಿಸುವ ಕಾರಣವಿರಲಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆಯ ಹಳಿಗಳು ಹುಬ್ಬಳ್ಳಿಯನ್ನು ಮುಟ್ಟಿ, ಅದರ ಬೆನ್ನಿಗೇ ರೇಲ್ವೆ ಕಾರ್ಖಾನೆಯೂ ಬಂದು ನೆಲೆಸಿದಂದಿನಿಂದ ಭೂಗರ್ಭದ ತೈಲವು ಈ ಊರಿನ ಕಬ್ಬಿಣದೊಡನೆ ಸಖ್ಯ ಬೆಳೆಸಿತು. ಅನಂತರ ಪುಣೆ-ಬೆಂಗಳೂರು ರಸ್ತೆಯ ಲಾರಿಗಳು ಬಂದವು. 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ತೊಡಗಿದ ವಿಜಯಾನಂದ ರೋಡ್‌ಲೈನ್ಸ್ ಹುಬ್ಬಳ್ಳಿಯ ಮಗ್ಗುಲಿನ ವರೂರಿನಲ್ಲಿ ಬೃಹತ್ತಾಗಿ ಬೆಳೆದು ನಿಂತಿತು. 1997ರ ನವೆಂಬರಿನಲ್ಲಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮವು ಗೋಕುಲ ರಸ್ತೆಯನ್ನು ತನ್ನ ಕೇಂದ್ರಸ್ಥಾನವನ್ನಾಗಿ ಮಾಡಿಕೊಂಡಿತು. ಚಕ್ರವನ್ನು ನೆಚ್ಚಿ ಬದುಕುವ ಪಟ್ಟಣವೆಂದರೆ ಎಂಜಿನ್ ಎಣ್ಣೆಯನ್ನು ನೆಚ್ಚಿ ಬದುಕುವ ಪಟ್ಟಣವೂ ಹೌದಷ್ಟೆ.

ದೊಡ್ಡ ಸಂಸ್ಥೆಗಳ ಹಳೆಯ ತೈಲಕ್ಕೆ ಲೆಕ್ಕವಿದೆ, ದಾಖಲೆಯ ಪುಸ್ತಕವಿದೆ, ಮಾರಬೇಕಾದರೆ ವಿಧಿಬದ್ಧವಾದ ಕ್ರಮವಿದೆ. ಲೆಕ್ಕವೇ ಇಲ್ಲದೆ ಹರಿದುಹೋಗುವುದು ವಿದ್ಯಾನಗರದ ಅಂಗಳದಲ್ಲಿ, ಸಪ್ತಾಪುರದ ಓಣಿಯಲ್ಲಿ, ನವನಗರದ ಮನೆಯ ಮುಂದಣ ಕಟ್ಟೆಯ ಕೆಳಗೆ, ರವಿವಾರದ ಮುಂಜಾನೆ ತನ್ನ ಗಾಡಿಯ ನಟ್ಟನ್ನು ತಾನೇ ಬಿಚ್ಚುವ ಗೃಹಸ್ಥನ ಕೈಯಿಂದ ಇಳಿದ ಎಣ್ಣೆ. ಅದು ಗೃಹಕೃತ್ಯದ ಪ್ರಶ್ನೆಯಾಗಿ ಪರಿಣಮಿಸಿದುದು ತೀರ ಈಚೆಗೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ದಿ, ಬಜಾಜ್ ಚೇತಕ್, ಲೂನಾ, ಆ ಕಾಲದ ರಿಕ್ಷಾಗಳು, ಇವೆಲ್ಲ ಟೂ-ಸ್ಟ್ರೋಕ್ ಯಂತ್ರಗಳು. ಪೆಟ್ರೋಲಿನೊಡನೆಯೇ ಎಣ್ಣೆಯನ್ನು ಬೆರೆಸಿ ಹಾಕಿದರೆ ಅದು ಎಂಜಿನ್ನಿನೊಳಗೆ ಸುಟ್ಟು, ನೀಲಿ ಹೊಗೆಯಾಗಿ ಹಿಂದೆ ಬರುವವರ ಮೂಗಿಗೆ ಸಂದಾಯವಾಗುತ್ತಿತ್ತು. ಗೇರ್ ಪೆಟ್ಟಿಗೆಯ ಅಲ್ಪಸ್ವಲ್ಪವನ್ನು ಬಿಟ್ಟರೆ ಮನೆಯಲ್ಲಿ ಉಳಿಯುವ ಹಳೆಯ ಎಣ್ಣೆಯೆಂಬುದೇ ಇರಲಿಲ್ಲ. 1985ರಲ್ಲಿ ಹೀರೋ ಹೋಂಡಾದ ಸಿ.ಡಿ. 100 ಬಂದು, ಕ್ರಮೇಣ ದ್ವಿಚಕ್ರಗಳೆಲ್ಲ ಫೋರ್-ಸ್ಟ್ರೋಕ್ ಆದ ಮೇಲೆ ಗಾಳಿಯ ಪಾಪವು ಕಡಿಮೆಯಾಯಿತು. ಆದರೆ ಎಂಜಿನ್ನಿನ ತಳದಲ್ಲಿ ಎಣ್ಣೆಯು ನಿಂತೇ ಕೆಲಸ ಮಾಡುವುದರಿಂದ, ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ಅದನ್ನು ಇಳಿಸುವ ಕರ್ತವ್ಯ ಪ್ರಾಪ್ತವಾಯಿತು. ಸ್ಕೂಟರೊಂದರಿಂದ ಮುಕ್ಕಾಲು ಲೀಟರಿನಿಂದ ಒಂದು ಲೀಟರ್, ಕಾರಿನಿಂದ ಮೂರೂವರೆ ನಾಲ್ಕು ಲೀಟರ್ ಎಂದು ಹಿಡಿದರೂ, ಎರಡು ದ್ವಿಚಕ್ರ ಒಂದು ಕಾರು ಇರುವ ಮನೆಯಲ್ಲಿ ವರ್ಷಕ್ಕೆ ಆರೇಳು ಲೀಟರ್ ಕರಿಯ ತೈಲವು ಸಂಗ್ರಹವಾಗುವುದು ಸಹಜ. ಹಳ್ಳಿಯ ಮನೆಯಾದರೆ ಟ್ರ್ಯಾಕ್ಟರಿನ ಪಾಲು ಇದಕ್ಕೆ ಕೂಡುತ್ತದೆ.

ಈ ಎಣ್ಣೆ ಕಪ್ಪಗಾದುದನ್ನು ಕಂಡು, ಅದರ ಸತ್ತ್ವ ತೀರಿತು, ಇನ್ನು ಗಟಾರವೇ ಗತಿ ಎಂದು ಭಾವಿಸುವವರೇ ಹೆಚ್ಚು. ಗೋಕುಲ ರಸ್ತೆಯ ಬದಿಯ ಓಣಿಯೊಂದರಲ್ಲಿ ಬಹುಕಾಲದಿಂದ ಗ್ಯಾರೇಜು ನಡೆಸುತ್ತಿರುವ ಹಿರಿಯ ಮಿಸ್ತ್ರಿಯೊಬ್ಬರ ಮುಂದೆ ಈ ಮಾತೆತ್ತಿದಾಗ, ಕೈಯೊರೆಸುತ್ತ ಅವರು ಅಂದರು: “ಆಯಿಲ್ ಸಾಯೂದಿಲ್ರೀ ಸರ, ಹೊಲಸ ಆಗತೈತಿ ಅಷ್ಟ.” ರಸಾಯನಶಾಸ್ತ್ರದ ಅಭಿಪ್ರಾಯವೂ ಇದೇ. ಎಂಜಿನ್ ಎಣ್ಣೆಯ ಬಹುಭಾಗವು ಮೂಲತೈಲ. ಅದಕ್ಕೆ ಸವೆತವನ್ನು ತಡೆಯುವ ಸತು ಮತ್ತು ರಂಜಕದ ಸಂಯುಕ್ತಗಳನ್ನೂ, ಮಸಿಯನ್ನು ತೊಳೆದು ತೇಲಿಸಿಟ್ಟುಕೊಳ್ಳುವ ಕ್ಯಾಲ್ಸಿಯಮ್ ಮೊದಲಾದವುಗಳ ಲವಣಗಳನ್ನೂ ಕೂಡಿಸಿರುತ್ತಾರೆ. ಓಡಾಟದಲ್ಲಿ ಮುಗಿದುಹೋಗುವುದು ಈ ಕೂಡಿಸಿದ ದ್ರವ್ಯಗಳು; ಸೇರಿಕೊಳ್ಳುವುದು ಮಸಿ, ನೀರಿನ ಅಂಶ, ಅರೆಸುಟ್ಟ ಇಂಧನ ಮತ್ತು ಲೋಹದ ಸೂಕ್ಷ್ಮ ಕಣ. ಬೇಗ ಕಪ್ಪಗಾದ ಎಣ್ಣೆಯು ಮಸಿಯನ್ನು ತನ್ನೊಳಗೆ ಎತ್ತಿಕೊಂಡು ತನ್ನ ಕೆಲಸವನ್ನೇ ಮಾಡಿರುತ್ತದೆ. ರೇಲ್ವೆಯ ಡೀಸೆಲ್ ಶೆಡ್ಡುಗಳಲ್ಲಿ ಎಂಜಿನ್ನಿನ ತೈಲವನ್ನು ನಿಯತವಾಗಿ ಪ್ರಯೋಗಾಲಯಕ್ಕೆ ಒಯ್ದು ರೋಹಿತದರ್ಶಕದಿಂದ ಪರೀಕ್ಷಿಸುವ ಪದ್ಧತಿಯಿದೆ. ತಾಮ್ರ ಹೆಚ್ಚಿತೇ, ಸೀಸ ಹೆಚ್ಚಿತೇ, ಕಬ್ಬಿಣ ಹೆಚ್ಚಿತೇ ಎಂಬುದರಿಂದ ಯಾವ ಬೇರಿಂಗು, ಯಾವ ಉಂಗುರ ಸವೆಯುತ್ತಿದೆಯೆಂಬುದನ್ನು ಯಂತ್ರವನ್ನು ಬಿಚ್ಚದೆಯೇ ಊಹಿಸಬಲ್ಲರು. ನಾವು ಗಟಾರಕ್ಕೆ ಸುರಿಯುವ ಮಸಿಯಲ್ಲಿ ಅಷ್ಟು ವೃತ್ತಾಂತ ಅಡಗಿರುತ್ತದೆ.

ಮೂಲತೈಲವು ಉಳಿದಿರುವುದರಿಂದಲೇ ಅದನ್ನು ಮರಳಿ ಶೋಧಿಸುವುದು ಸಾಧ್ಯ. ಮೊದಲು ಕಾಯಿಸಿ ನೀರನ್ನೂ ಹಗುರವಾದ ಇಂಧನವನ್ನೂ ತೆಗೆದು, ಅನಂತರ ನಿರ್ವಾತದಲ್ಲಿ ಬಟ್ಟಿಯಿಳಿಸುತ್ತಾರೆ. ನಿರ್ವಾತವೇಕೆಂದರೆ ಸಾಮಾನ್ಯ ಒತ್ತಡದಲ್ಲಿ ಕುದಿಯುವಷ್ಟು ಕಾಯಿಸಿದರೆ ತೈಲದ ಅಣುಗಳೇ ಒಡೆದುಹೋಗುತ್ತವೆ. ಬಂದ ತೈಲಕ್ಕೆ ಜಲಜನಕದ ಸಂಸ್ಕಾರವನ್ನೋ ವಿಶೇಷ ಜೇಡಿಯ ಸಂಸ್ಕಾರವನ್ನೋ ಕೊಟ್ಟರೆ ಬಣ್ಣ ವಾಸನೆಗಳು ಹೋಗಿ ಅದು ಮತ್ತೆ ಮೂಲತೈಲವಾಗುತ್ತದೆ. ಗಂಧಕಾಮ್ಲ ಸುರಿದು ಜೇಡಿಯಲ್ಲಿ ಸೋಸುವ ಹಳೆಯ ವಿಧಾನವೊಂದಿತ್ತು. ಅದು ಉಳಿಸುತ್ತಿದ್ದ ಆಮ್ಲಯುಕ್ತ ರಾಡಿಯು ಹಳೆಯ ಎಣ್ಣೆಗಿಂತಲೂ ಘೋರವಾದುದರಿಂದ ಭಾರತದಲ್ಲಿ ಅದಕ್ಕೆ ಅನುಮತಿಯಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಬಹುಕಾಲದಿಂದ ಹೇಳುತ್ತ ಬಂದಿರುವ ಲೆಕ್ಕವೊಂದಿದೆ: ಸುಮಾರು 159 ಲೀಟರಿನ ಒಂದು ಪೀಪಾಯಿ ಕಚ್ಚಾ ತೈಲದಿಂದ ದೊರೆಯುವ ಎರಡೂವರೆ ಲೀಟರಿನಷ್ಟು ಎಂಜಿನ್ ಎಣ್ಣೆಯನ್ನು, ನಾಲ್ಕು ಲೀಟರಿಗಿಂತ ತುಸು ಕಡಿಮೆಯಾದ ಹಳೆಯ ಎಣ್ಣೆಯಿಂದಲೇ ಪಡೆಯಬಹುದು. ಒಂದು ಕಾರಿನ ಹಳೆಯ ಎಣ್ಣೆಯೊಳಗೆ ಒಂದು ಪೀಪಾಯಿ ಕಚ್ಚಾ ತೈಲದ ಫಲ ಅಡಗಿದೆಯೆಂದಾಯಿತು.

ಆದರೆ ಇದೆಲ್ಲಕ್ಕೂ ಒಂದು ನಿಬಂಧನೆಯಿದೆ. ಈ ಲೇಖನದ ಜೀವವೂ ಅದೇ. ಹಳೆಯ ಎಣ್ಣೆಯನ್ನು ಅದರ ಕಪ್ಪು ಕೆಡಿಸುವುದಿಲ್ಲ, ಬೆರಕೆಯು ಕೆಡಿಸುತ್ತದೆ. ಒಂದು ಕೊಡ ಹಾಲಿಗೆ ಒಂದು ಹನಿ ಹುಳಿಯಂತೆ, ಒಂದು ಪೀಪಾಯಿ ಶುದ್ಧವಾದ ಹಳೆಯ ಎಣ್ಣೆಗೆ ಒಂದು ಬಾಟಲಿ ಥಿನ್ನರೋ, ಬ್ರೇಕ್ ಎಣ್ಣೆಯೋ, ರೇಡಿಯೇಟರಿನ ಕೂಲೆಂಟೋ, ಕೀಟನಾಶಕದ ಶೇಷವೋ ಬಿದ್ದರೆ ಶೋಧನೆಯ ಕಾರ್ಖಾನೆಯು ಅದನ್ನು ಮುಟ್ಟಲು ಹಿಂಜರಿಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಐದನೆಯ ಅನುಸೂಚಿಯು ಮರುಶೋಧನೆಗೆ ಯೋಗ್ಯವಾದ ತೈಲದಲ್ಲಿ ಇಂತಿಂತಹ ವಿಷ ಇಂತಿಷ್ಟಕ್ಕಿಂತ ಹೆಚ್ಚಿರಬಾರದೆಂದು ಗೊತ್ತುಮಾಡಿದೆ: ಸೀಸವು ದಶಲಕ್ಷಕ್ಕೆ 100 ಭಾಗ, ಆರ್ಸೆನಿಕ್ 5 ಭಾಗ, ಹಳೆಯ ಟ್ರಾನ್ಸ್‌ಫಾರ್ಮರುಗಳ ತೈಲದಲ್ಲಿ ಕಾಣಸಿಗುವ ಪಿ.ಸಿ.ಬಿ. ಎಂಬ ಕ್ಲೋರಿನ್ ಸಂಯುಕ್ತವಂತೂ ಬರೇ 2 ಭಾಗ. ಇಂತಹ ಅಳತೆಯ ಮುಂದೆ ಮನೆಯವರ ಅಲಕ್ಷ್ಯದ ಒಂದು ಲೋಟವೂ ದೊಡ್ಡದೇ.

ಬೆರಕೆಯ ಇನ್ನೊಂದು ಮುಖವು ಇದಕ್ಕಿಂತ ಭೀಕರ. ನಮ್ಮ ಮನೆಗಳಲ್ಲಿ ಹಳೆಯ ಆಯಿಲ್ ತುಂಬಲು ಮೊದಲು ಕೈಗೆ ಸಿಗುವುದು ಅಡುಗೆಮನೆಯಿಂದ ಹೊರಬಿದ್ದ ಎಣ್ಣೆಯ ಡಬ್ಬಿ ಅಥವಾ ನೀರಿನ ಬಾಟಲಿ. 1959ರಲ್ಲಿ ಮೊರಾಕ್ಕೊ ದೇಶದ ಮೆಕ್ನೆಸ್ ಪ್ರಾಂತದಲ್ಲಿ, ಅಮೆರಿಕದ ವಿಮಾನನೆಲೆಯಿಂದ ಹೆಚ್ಚುವರಿಯೆಂದು ಮಾರಾಟವಾದ ಜೆಟ್ ಎಂಜಿನ್ನಿನ ತೈಲವನ್ನು ವ್ಯಾಪಾರಿಗಳು ಅಡುಗೆಯ ಎಣ್ಣೆಗೆ ಬೆರೆಸಿ ಮಾರಿದ್ದರಿಂದ, ಅದರಲ್ಲಿದ್ದ ಟ್ರೈಕ್ರೆಸಿಲ್ ಫಾಸ್ಫೇಟ್ ಎಂಬ ದ್ರವ್ಯವು ಸುಮಾರು ಹತ್ತು ಸಾವಿರ ಜನರ ಕೈಕಾಲುಗಳ ಸ್ವಾಧೀನವನ್ನು ಕಸಿದುಕೊಂಡಿತು. ಅಲ್ಲಿ ನಡೆದುದು ದುರಾಶೆಯ ಕೃತ್ಯ. ನಮ್ಮ ಮನೆಯಲ್ಲಿ ನಡೆಯಬಹುದಾದುದು ಕೇವಲ ಮರೆವಿನ ಕೃತ್ಯ. ಡಬ್ಬಿಯು ಇಟ್ಟವರ ನೆನಪನ್ನು ಮೀರಿ ಉಳಿಯುತ್ತದೆ. ಕತ್ತಲ ಮೂಲೆಯಲ್ಲಿ ಕುಳಿತ ಕುಸುಬೆಯೆಣ್ಣೆಯ ಡಬ್ಬಿಯನ್ನು ಮುಂದೊಂದು ದಿವಸ ಯಾರು, ಯಾತಕ್ಕಾಗಿ ಎತ್ತುವರೆಂಬುದನ್ನು ಇಟ್ಟವನು ಬಲ್ಲನೇ? ಆದುದರಿಂದ ತಿನ್ನುವ ಕುಡಿಯುವ ಪದಾರ್ಥದ ಪಾತ್ರೆಯನ್ನು ಈ ಕೆಲಸಕ್ಕೆ ಸರ್ವಥಾ ಬಳಸಕೂಡದು.

ಹಾಗಾದರೆ ಬಳಸತಕ್ಕುದೇನು? ಹೊಸ ಎಣ್ಣೆ ಬಂದ ಡಬ್ಬಿಯೇ ಹಳೆಯ ಎಣ್ಣೆಗೆ ಪ್ರಶಸ್ತವಾದ ಮನೆ. ಅದರ ಗಟ್ಟಿ ಪ್ಲಾಸ್ಟಿಕ್ಕು ಎಣ್ಣೆಗೆಂದೇ ಮಾಡಿದುದು, ಮುಚ್ಚಳವು ತಿರುಪಿನದು, ಒಳಗೆ ಮತ್ತಾವ ದ್ರವ್ಯದ ಶೇಷವೂ ಇರುವುದಿಲ್ಲ. ಎಣ್ಣೆಯನ್ನು ಇಳಿಸುವ ಮೊದಲು ಎಂಜಿನ್ನನ್ನು ಕೆಲವು ನಿಮಿಷ ಓಡಿಸಿದರೆ ತಳದಲ್ಲಿ ಕುಳಿತ ರಾಡಿಯು ಕದಡಿ, ಎಣ್ಣೆಯು ತೆಳ್ಳಗಾಗಿ ಪೂರ್ತಿ ಇಳಿಯುತ್ತದೆಯೆಂಬುದು ನಿಜ. ಆದರೆ ಸುಡುಸುಡುವ ಎಣ್ಣೆಯು ಕೈಯನ್ನು ಬೇಯಿಸುವುದಲ್ಲದೆ, ತೆಳುವಾದ ನೀರಿನ ಬಾಟಲಿಯನ್ನು ಮುದುರಿಸಿಯೂ ಬಿಡುವುದರಿಂದ, ಕಾಲು ಗಂಟೆ ತಾಳಿ ಉಗುರುಬೆಚ್ಚಗಾದ ಮೇಲೆ ನಟ್ಟು ಬಿಚ್ಚುವುದು ವಿವೇಕ. ಕೆಳಗೆ ಹಿಡಿಯುವ ಬೋಗುಣಿಯು ಅಗಲವಾಗಿರಲಿ. ಅದು ಈ ಕೆಲಸಕ್ಕೇ ಮೀಸಲಾಗಿರಲಿ. ಮಳೆ ಬರುವ ಹೊತ್ತಿನಲ್ಲಿ ಬೋಗುಣಿಯನ್ನು ತೆರೆದಿಟ್ಟು ಒಳಗೆ ಹೋಗುವ ಅಭ್ಯಾಸವೊಂದುಂಟು. ಧಾರವಾಡದ ಜಿಟಿಜಿಟಿ ಮಳೆಯ ಪರಿಚಯವಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ: ನೀರು ಬೆರೆತ ಎಣ್ಣೆಯು ಸಾಗಿಸುವ ಖರ್ಚನ್ನು ಹೆಚ್ಚಿಸಿ ಬೆಲೆಯನ್ನು ಇಳಿಸುತ್ತದೆ.

ಬೋಗುಣಿಯಿಂದ ಡಬ್ಬಿಗೆ ಲಾಳಿಕೆಯಿಟ್ಟು ಸುರಿಯುವಾಗ ಕಂಠದವರೆಗೆ ತುಂಬದೆ ನಾಲ್ಕು ಬೆರಳು ಖಾಲಿ ಬಿಡಬೇಕು. ನಮ್ಮ ಬೇಸಗೆಯ ಬಿಸಿಲಿಗೆ ಎಣ್ಣೆಯೂ ಹಿಗ್ಗುತ್ತದೆ, ಒಳಗಣ ಗಾಳಿಯೂ ಹಿಗ್ಗುತ್ತದೆ. ಮೇಲಿನ ಹಳೆಯ ಚೀಟಿಯನ್ನು ಹರಿದು ತೆಗೆದು, ದಪ್ಪ ಅಕ್ಷರದಲ್ಲಿ ‘ಹಳೇ ಎಂಜಿನ್ ಆಯಿಲ್’ ಎಂದೂ, ಇಳಿಸಿದ ತಿಂಗಳನ್ನೂ ಬರೆದಿಡಬೇಕು. ಚೀಟಿಯನ್ನು ಹರಿಯುವುದಕ್ಕೆ ಇನ್ನೊಂದು ಕಾರಣವನ್ನೂ ಮಿಸ್ತ್ರಿ ಹೇಳಿದರು. ಹೆಸರಾಂತ ಕಂಪನಿಯ ಖಾಲಿ ಡಬ್ಬಿಗಳಿಗೆ ಗುಜರಿಯಲ್ಲಿ ವಿಶೇಷ ಮರ್ಯಾದೆ. ಬಟ್ಟೆಯಲ್ಲಿ ಸೋಸಿ ಬಣ್ಣ ತಿಳಿಯಾಗಿಸಿದ ಹಳೆಯ ಎಣ್ಣೆಯೇ ಅವುಗಳಲ್ಲಿ ಹೊಸ ವೇಷ ತೊಟ್ಟು ಅಂಗಡಿಗೆ ಮರಳುವುದುಂಟು. “ಡಬ್ಬಿ ಒಡದ ಕೊಡ್ರೀ, ಇಲ್ಲಾಂದ್ರ ನಿಮ್ಮ ಆಯಿಲ್ ನಿಮಗ ಮಾರತಾರ” ಎಂದು ಅವರು ನಕ್ಕರು.

ಫಿಲ್ಟರನ್ನು ಮರೆಯಬಾರದು. ಕಾರಿನಿಂದ ಬಿಚ್ಚಿದ ಫಿಲ್ಟರಿನೊಳಗೆ ಗಣನೀಯವಾದಷ್ಟು ಎಣ್ಣೆ ಅಡಗಿರುತ್ತದೆ. ಅದನ್ನು ಬೋಗುಣಿಯ ಮೇಲೆ ಕವುಚಿ ಒಂದು ರಾತ್ರಿ ಬಿಟ್ಟರೆ ಬಹುಪಾಲು ಇಳಿದು, ಉಳಿದ ಕಬ್ಬಿಣವು ಗುಜರಿಗೆ ಯೋಗ್ಯವಾಗುತ್ತದೆ. ಡಬ್ಬಿಯನ್ನು ಇಡುವ ಜಾಗವು ತಾರಸಿಯಾಗಲಿ, ಒಲೆಯ ಮಗ್ಗುಲಾಗಲಿ, ಬೋರಿನ ಬಾಯಿಯ ಸಮೀಪವಾಗಲಿ ಆಗಕೂಡದು. ನೆರಳಿನ ಗಚ್ಚಿನ ನೆಲದ ಮೇಲೆ, ಒಂದು ಹಳೆಯ ಟಬ್ಬಿನೊಳಗೆ, ಮಕ್ಕಳ ಕೈಗೆ ಎಟುಕದಂತೆ ಇಟ್ಟರೆ ಸಾಕು. ನೆಲಕ್ಕೆ ಚೆಲ್ಲಿದರೆ ಸೋಪಿನ ಪುಡಿ ಹಾಕಿ ತೊಳೆಯುವುದು ನಮ್ಮ ಗೃಹಿಣಿಯರ ಮೊದಲ ಸಹಜಪ್ರೇರಣೆ. ಅದರಿಂದ ನೆಲ ಸ್ವಚ್ಛವಾಗುತ್ತದೆ, ಎಣ್ಣೆ ಮಾತ್ರ ಗಟಾರ ಸೇರುತ್ತದೆ. ಕಟ್ಟಿಗೆಯ ಹೊಟ್ಟನ್ನೋ ಒಣಗಿದ ಮಣ್ಣಿನ ಪುಡಿಯನ್ನೋ ಸುರಿದು, ಅದು ಹೀರಿಕೊಂಡ ಮೇಲೆ ಬಳಿದು ಬೇರೆ ಕಟ್ಟಿಡುವುದು ಮೇಲು.

ಇಷ್ಟೊಂದು ಉಪಚಾರವೇಕೆ, ನಮ್ಮ ಹಿರಿಯರು ಇದನ್ನು ನೂರು ಕೆಲಸಕ್ಕೆ ಬಳಸುತ್ತಿರಲಿಲ್ಲವೇ ಎಂಬ ಆಕ್ಷೇಪವನ್ನು ನಾನು ಬಲ್ಲೆ. ಅದರಲ್ಲಿ ಸತ್ಯಾಂಶವೂ ಇದೆ. ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತದಂತೆ, ಬೇಲಿಯ ಗೂಟ ಕೊಳೆಯದಂತೆ, ಸ್ಲ್ಯಾಬು ಹಾಕುವಾಗ ಸೆಂಟ್ರಿಂಗ್ ಪ್ಲೇಟಿಗೆ ಕಾಂಕ್ರೀಟು ಅಂಟದಂತೆ, ಎತ್ತಿನ ಹುಣ್ಣಿಗೆ ನೊಣ ಕೂಡದಂತೆ, ಅಂಗಳದ ಧೂಳು ಏಳದಂತೆ ಈ ಕರಿಯೆಣ್ಣೆಯನ್ನು ಸವರುವುದು, ಸುರಿಯುವುದು ನಮ್ಮ ಭಾಗದಲ್ಲಿ ರೂಢಿ. ಆದರೆ ಎಂಜಿನ್ನಿನ ದಹನದಿಂದ ಹಳೆಯ ಎಣ್ಣೆಯಲ್ಲಿ ಸೇರಿಕೊಳ್ಳುವ ಬಹುಚಕ್ರೀಯ ಹೈಡ್ರೋಕಾರ್ಬನ್ನುಗಳು ಸಾಮಾನ್ಯ ವಸ್ತುಗಳಲ್ಲ. ಹಳೆಯ ಎಣ್ಣೆಯನ್ನು ಇಲಿಗಳ ಚರ್ಮಕ್ಕೆ ಮತ್ತೆ ಮತ್ತೆ ಸವರಿದ ಪ್ರಯೋಗಗಳಲ್ಲಿ ಗಡ್ಡೆಗಳು ಹುಟ್ಟಿದುದನ್ನು ಲಿಯಾನಿನ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ದಾಖಲಿಸಿದೆ. ಸೆಂಟ್ರಿಂಗಿನ ಹುಡುಗರು ಮೊಳಕೈಯವರೆಗೆ ಇದೇ ಎಣ್ಣೆಯಲ್ಲಿ ಅದ್ದಿಕೊಂಡು ಕೆಲಸ ಮಾಡುವುದನ್ನು ಕಂಡಾಗ, ಮನೆ ಕಟ್ಟಿಸುವವರು ಕೊಂಚ ಹಣ ಹೆಚ್ಚು ಕೊಟ್ಟು ಅದಕ್ಕೆಂದೇ ಮಾಡಿದ ಎಣ್ಣೆಯನ್ನು ತರಿಸಬಾರದೇ ಎನಿಸುತ್ತದೆ.

ಧೂಳಿನ ಮಾತಂತೂ ಹುಬ್ಬಳ್ಳಿಯವರಿಗೆ ಹೃದಯಕ್ಕೆ ಹತ್ತಿರವಾದುದು. ಈ ಊರಿನ ಧೂಳನ್ನು ಕುರಿತು ದೂರದವರು ನಗದ ದಿನವಿಲ್ಲ. ಅಮೆರಿಕದ ಮಿಸೌರಿ ರಾಜ್ಯದ ಟೈಮ್ಸ್ ಬೀಚ್ ಎಂಬ ಪುಟ್ಟ ಊರಿಗೂ ಇದೇ ವ್ಯಥೆಯಿತ್ತು. ಡಾಮರು ಕಾಣದ ತನ್ನ ಬೀದಿಗಳ ಧೂಳನ್ನು ಅಡಗಿಸಲು ಅದು 1970ರ ದಶಕದಲ್ಲಿ ಒಬ್ಬ ಗುತ್ತಿಗೆದಾರನಿಂದ ಹಳೆಯ ಎಣ್ಣೆಯ ಸಿಂಪರಣೆ ಮಾಡಿಸಿತು. ಆತನು ಆ ಎಣ್ಣೆಗೆ ರಾಸಾಯನಿಕ ಕಾರ್ಖಾನೆಯೊಂದರ ತ್ಯಾಜ್ಯವನ್ನೂ ಬೆರೆಸಿದ್ದನು. ಅದರಲ್ಲಿ ಡಯಾಕ್ಸಿನ್ ಇತ್ತು. 1982ರ ಡಿಸೆಂಬರಿನಲ್ಲಿ ನದಿಯ ನೆರೆಯೂ ಬಂದು ಅಲ್ಲಿಯ ಜನರು ದಿಕ್ಕೆಟ್ಟಿದ್ದಾಗ, ಇನ್ನು ಈ ಊರಿನಲ್ಲಿ ವಾಸಿಸಕೂಡದೆಂಬ ಸಲಹೆ ಬಂತು. ಮರುವರ್ಷ ಸರಕಾರವು ಊರಿಗೆ ಊರನ್ನೇ ಕೊಂಡುಕೊಂಡು ಖಾಲಿ ಮಾಡಿಸಿತು. ಎರಡು ಸಾವಿರಕ್ಕೂ ಮೇಲ್ಪಟ್ಟ ಜನರ ಊರು ನಕಾಶೆಯಿಂದ ಅಳಿಯಿತು. ಅಲ್ಲಿಯೂ ಅಪರಾಧಿಯು ಎಣ್ಣೆಗಿಂತ ಹೆಚ್ಚಾಗಿ ಅದರ ಬೆರಕೆ.

ಗಟಾರಕ್ಕೆ ಸುರಿದುದು ಎಲ್ಲಿಗೆ ಹೋಗುತ್ತದೆಂಬುದನ್ನು ಧಾರವಾಡದವರು ಉಳಿದವರಿಗಿಂತ ಹೆಚ್ಚು ತಿಳಿದಿರಬೇಕು. ಏಕೆಂದರೆ ಅವರ ಊರು ಕುಳಿತಿರುವುದು ಜಲವಿಭಾಜಕದ ದಿಣ್ಣೆಯ ಮೇಲೆ. ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆಯು ಬೇಡ್ತಿಯನ್ನು ಕೂಡಿ ಪಶ್ಚಿಮ ಸಮುದ್ರಕ್ಕೆ ಇಳಿದರೆ, ಪೂರ್ವಕ್ಕೆ ಬಿದ್ದ ನೀರು ಬೆಣ್ಣಿಹಳ್ಳದ ಪಾತ್ರವನ್ನು ಹಿಡಿದು ಮಲಪ್ರಭೆಗೂ, ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಗೂ ಸೇರುತ್ತದೆ. ನಾಲ್ಕು ಲೀಟರಿನಷ್ಟು ಹಳೆಯ ಎಣ್ಣೆಯು ಅದರ ಹತ್ತು ಲಕ್ಷ ಪಟ್ಟು ಸಿಹಿನೀರನ್ನು ಕೆಡಿಸಬಲ್ಲುದೆಂದು ಮೇಲೆ ಹೇಳಿದ ಅಮೆರಿಕದ ಸಂಸ್ಥೆಯೇ ಎಚ್ಚರಿಸುತ್ತದೆ. ಎರೆಯ ನೆಲವು ಬೇಸಗೆಯಲ್ಲಿ ಕೈ ತೂರುವಷ್ಟು ಅಗಲವಾಗಿ ಬಿರಿಯುವುದನ್ನು ಬಲ್ಲವರಿಗೆ, ಹೊಲದ ಮೂಲೆಯಲ್ಲಿ ಸುರಿದ ಟ್ರ್ಯಾಕ್ಟರಿನ ಎಣ್ಣೆಯು ಮೇಲೆಯೇ ಉಳಿಯುವುದೆಂಬ ಭರವಸೆ ಇರಲಾರದು. ನಳದ ನೀರಿಗಾಗಿ ದಿನಗಟ್ಟಲೆ ಕಾದು, ನಡುವಣ ದಿನಗಳನ್ನು ಬೋರಿನಿಂದ ನಿಭಾಯಿಸಿದ ಈ ಜೋಡಿನಗರದಲ್ಲಿ ಇದು ಪುಸ್ತಕದ ಮಾತಲ್ಲ.

ಕೂಡಿಟ್ಟದ್ದನ್ನು ಒಯ್ಯುವ ಕೆಲಸ ಚಿಕ್ಕದು, ಆದರೆ ಅದಕ್ಕೂ ಒಂದು ಶಿಸ್ತು ಬೇಕು. ಶುದ್ಧವಾದ ಎಂಜಿನ್ ಎಣ್ಣೆಯು ಸುಲಭದಲ್ಲಿ ಹೊತ್ತಿಕೊಳ್ಳುವುದಿಲ್ಲ. ಅದರ ಆವಿಗೆ ಕಿಡಿ ತಾಗಬೇಕಾದರೆ ಸಾಮಾನ್ಯವಾಗಿ 200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖ ಬೇಕು. ಆದರೆ ಹಳೆಯ ಎಣ್ಣೆಯಲ್ಲಿ ಪೆಟ್ರೋಲಿನ ಅಂಶ ಇಳಿದಿರಬಹುದಾದುದರಿಂದ ಆ ಧೈರ್ಯವನ್ನು ನೆಚ್ಚಿ ಬಸ್ಸಿನಲ್ಲಿ ಜನರ ನಡುವೆ ಒಯ್ಯುವುದು ತರವಲ್ಲ. ಸ್ಕೂಟರಿನ ಹಿಡಿಕೆಗೆ ಚೀಲ ತೂಗಹಾಕಿ ಹೊರಟರೆ, ಉಣಕಲ್ಲಿನಿಂದ ಹೊಸೂರಿನವರೆಗೆ ಸಿಗುವ ಹಂಪುಗಳು ಮುಚ್ಚಳದ ಬಿಗಿಯನ್ನು ಪರೀಕ್ಷಿಸದೆ ಬಿಡುವುದಿಲ್ಲ. ಡಬ್ಬಿಯು ನೆಟ್ಟಗೆ ನಿಲ್ಲುವಂತೆ ಒಂದು ಗಟ್ಟಿ ಡಬ್ಬದೊಳಗೆ, ಸುತ್ತಲೂ ಹೊಟ್ಟು ತುಂಬಿ ಇಟ್ಟುಕೊಂಡು, ದಾರಿಯಲ್ಲಿ ಬೇರೆ ಕೆಲಸಗಳಿಗೆ ಸುತ್ತದೆ ನೇರವಾಗಿ ಒಯ್ದು ಒಪ್ಪಿಸಬೇಕು.

ಯಾರಿಗೆ ಒಪ್ಪಿಸಬೇಕೆಂಬುದೇ ಈಗಿನ ತೊಡಕು. ದೇಶದಲ್ಲಿ ಅಪಾಯಕಾರಿ ತ್ಯಾಜ್ಯಕ್ಕೆ 1989ರಿಂದಲೇ ನಿಯಮಗಳಿವೆ. ಉಪಯೋಗಿಸಿದ ತೈಲವು ಆ ಪಟ್ಟಿಯಲ್ಲಿದೆ. 2016ರ ನಿಯಮಗಳ ಪ್ರಕಾರ ಅದನ್ನು ಉತ್ಪಾದಿಸುವ ಸಂಸ್ಥೆಯು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳಬಾರದು, ಅಧಿಕೃತ ಶೋಧಕನಿಗೇ ಕೊಡಬೇಕು, ಸಾಗಿಸುವಾಗ ಬೇರೆ ಬೇರೆ ಬಣ್ಣದ ಏಳು ಪ್ರತಿಗಳ ಪತ್ರವನ್ನು ಸಿದ್ಧಪಡಿಸಬೇಕು. ಈ ಏಳು ಬಣ್ಣದ ಕಾಗದಗಳನ್ನು ಬರೆದವರ ಕಣ್ಣ ಮುಂದೆ ತಾರಿಹಾಳದ ಕಾರ್ಖಾನೆಗಳಂಥವು ಇದ್ದಿರಬೇಕೇ ಹೊರತು, ಮುಕ್ಕಾಲು ಲೀಟರಿನ ಡಬ್ಬಿಯನ್ನು ಹಿಡಿದು ನಿಂತ ನಿವೃತ್ತ ಮಾಸ್ತರರು ಇರಲಾರರು. ಅದೇ ವರ್ಷದ ಘನತ್ಯಾಜ್ಯ ನಿಯಮಗಳು ಮಾತ್ರ ಮನೆಯವರನ್ನು ನೆನೆದು, ಗೃಹೋತ್ಪನ್ನ ಅಪಾಯಕಾರಿ ತ್ಯಾಜ್ಯವನ್ನು ತಂದೊಪ್ಪಿಸಲು 20 ಚದರ ಕಿಲೋಮೀಟರಿಗೊಂದರಂತೆ ಕೇಂದ್ರಗಳನ್ನು ತೆರೆಯಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ವಿಧಿಸಿದವು. 1962ರಲ್ಲಿ ಒಂದಾದ ಹುಬ್ಬಳ್ಳಿ-ಧಾರವಾಡ ಮಹಾನಗರದ ವಿಸ್ತಾರ 200 ಚದರ ಕಿಲೋಮೀಟರಿಗೆ ಕಡಿಮೆಯಿಲ್ಲವಾದುದರಿಂದ, ಆ ಲೆಕ್ಕದಲ್ಲಿ ಇಲ್ಲಿಗೇ ಹತ್ತಕ್ಕೆ ಕಡಿಮೆಯಿಲ್ಲದಷ್ಟು ಕೇಂದ್ರಗಳು ಸಲ್ಲಬೇಕಿತ್ತು.

ಕಾಗದವು ಮುಂದೆ ಸಾಗಿರುವುದೂ ನಿಜ. 2023ರ ಸೆಪ್ಟೆಂಬರಿನಲ್ಲಿ ಪ್ರಕಟವಾಗಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಹಳೆಯ ತೈಲದ ಹೊಣೆಯನ್ನು ಹೊಸ ತೈಲ ಮಾರುವವರ ಹೆಗಲಿಗೇ ಏರಿಸಿದೆ: ತಾವು ಮಾರಿದುದರಲ್ಲಿ ಮೊದಲ ವರ್ಷ ಶೇಕಡಾ 5ರಷ್ಟು, ಮುಂದೆ ಹೆಚ್ಚುತ್ತ ಹೋಗಿ ಶೇಕಡಾ 50ರವರೆಗೆ ಮರುಶೋಧನೆಯಾಗುವಂತೆ ಅವರು ನೋಡಿಕೊಳ್ಳಬೇಕು. ಸಂಗ್ರಾಹಕರೆಂಬ ವರ್ಗಕ್ಕೂ ಇದರಲ್ಲಿ ನೋಂದಣಿಯ ಸ್ಥಾನ ದೊರೆತಿದೆ. ಇದು ಹಿಂದಿನವುಗಳಿಗಿಂತ ಬುದ್ಧಿವಂತಿಕೆಯ ನಿಯಮವೆಂದು ನನ್ನ ಅಭಿಪ್ರಾಯ. ಏಕೆಂದರೆ ಹಳೆಯ ಎಣ್ಣೆಯ ಕೇಡಿಗೆ ಅದರ ಬೆಲೆಯೇ ಮೂಲ. ಬೆಲೆಯಿಲ್ಲದ ಕಸವಾಗಿದ್ದರೆ ಅದು ಪಾಲಿಕೆಯ ಗಾಡಿಯನ್ನಾದರೂ ಹತ್ತುತ್ತಿತ್ತು. ಬೆಲೆಯಿರುವುದರಿಂದಲೇ ಮಿಸ್ತ್ರಿಯಿಂದ ಗುಜರಿಗೆ, ಗುಜರಿಯಿಂದ ಹೆಚ್ಚು ಕೊಟ್ಟವನಿಗೆ ಕೈ ಬದಲಾಯಿಸುತ್ತದೆ, ಮತ್ತು ಹೆಚ್ಚು ಕೊಡುವವನು ಯಾವಾಗಲೂ ಶೋಧಕನೇ ಆಗಿರುವುದಿಲ್ಲ. ಅಗ್ಗದ ಉರುವಲನ್ನು ಅರಸುವ ಭಟ್ಟಿಯವನೂ, ಡಬ್ಬಿ ತುಂಬುವ ನಕಲಿ ವ್ಯಾಪಾರಿಯೂ ಅದೇ ಸಾಲಿನಲ್ಲಿ ನಿಂತಿರುತ್ತಾರೆ. ಶೋಧಕನ ಪರವಾಗಿ ತಕ್ಕಡಿಯು ತುಸು ವಾಲುವಂತೆ ಮಾಡದೆ ಬರಿಯ ದಂಡದ ಭಯದಿಂದ ಈ ಎಣ್ಣೆಯ ದಾರಿಯನ್ನು ತಿರುಗಿಸಲಾಗದು.

ಆದರೂ ಕಾಗದದ ನಿಯಮಕ್ಕೂ ಓಣಿಯ ಗ್ಯಾರೇಜಿಗೂ ನಡುವೆ ಒಂದು ಬ್ಯಾರಲ್ಲಿನ ಅಂತರವಿದೆ. ಮಿಸ್ತ್ರಿಯ ಗ್ಯಾರೇಜಿನ ಹಿಂದೆ 200 ಲೀಟರಿಗಿಂತ ತುಸು ಹೆಚ್ಚು ಹಿಡಿಯುವ ಒಂದು ಉಕ್ಕಿನ ಬ್ಯಾರಲ್ಲು ನಿಂತಿದೆ. “ಒಂದ ಬ್ಯಾರಲ್‌ಕ್ಕ ಕಂಪನಿ ಗಾಡಿ ಬರೂದಿಲ್ರೀ. ಡೀಸೆಲ್ ಖರ್ಚ ಗಿಟ್ಟಬೇಕಲ್ರಿ ಅವರಿಗೂ. ಜಾಗಾ ಇಲ್ಲ, ತುಂಬತಿದ್ದಂಗ ಗುಜರಿಯವನ ಬಂದ ರೊಕ್ಕ ಎಣಿಸಿ ಒಯ್ತಾನ” ಎಂದು ಅವರು ಸಂಗತಿಯನ್ನು ಸ್ಪಷ್ಟಪಡಿಸಿದರು. ಗೋಕುಲ ರಸ್ತೆಯ ಆ ಒಂದೇ ಓಣಿಯಲ್ಲಿ ಅಂತಹ ಗ್ಯಾರೇಜುಗಳು ಒಂದಕ್ಕಿಂತ ಹೆಚ್ಚಿವೆ. ಒಂದೊಂದರ ಹಿಂದೆಯೂ ಒಂದೊಂದು ಅರೆತುಂಬಿದ ಬ್ಯಾರಲ್ಲು. ಪಾಲಿಕೆಯು ಹೊಸ ಕಟ್ಟಡವನ್ನು ಕಟ್ಟದೆ, ಒಂದೊಂದು ಭಾಗಕ್ಕೆ ಇಂತಹ ಒಂದು ಗ್ಯಾರೇಜನ್ನೇ ಒಪ್ಪಿಸುವ ಸ್ಥಳವೆಂದು ಗುರುತಿಸಿ, ಅದರ ಬ್ಯಾರಲ್ಲಿಗೆ ಮಳೆ ತಾಗದ ಮಾಡನ್ನೂ ಸೋರಿದ್ದು ಹೊರಹೋಗದ ಗಚ್ಚಿನ ಕಟ್ಟೆಯನ್ನೂ ಕೊಟ್ಟು, ಸುತ್ತಣ ನಾಲ್ಕಾರು ಬ್ಯಾರಲ್ಲುಗಳು ತುಂಬುವ ಹೊತ್ತಿಗೆ ನೋಂದಾಯಿತ ಸಂಗ್ರಾಹಕನ ಗಾಡಿ ಒಂದೇ ಸುತ್ತಿನಲ್ಲಿ ಎತ್ತುವಂತೆ ದಿನವನ್ನು ಗೊತ್ತುಪಡಿಸಿದರೆ, ಡೀಸೆಲ್ಲಿನ ಖರ್ಚೂ ಗಿಟ್ಟೀತು, ಮಾಸ್ತರರ ಡಬ್ಬಿಗೂ ವಿಳಾಸ ದೊರೆತೀತು. ಧಾರವಾಡದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯು ಅಧಿಕೃತ ಶೋಧಕರ ಮತ್ತು ಸಂಗ್ರಾಹಕರ ಹೆಸರುಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿಯೊಂದು ಗ್ಯಾರೇಜಿನ ಗೋಡೆಗೆ ಅಂಟಿಸಿದರಂತೂ, ಎಣ್ಣೆ ಯಾರಿಗೆ ಕೊಡುತ್ತೀರೆಂದು ಗಿರಾಕಿಯು ಕೇಳಿದಾಗ ಮಿಸ್ತ್ರಿಯು ಬೆರಳು ತೋರಿಸಿ ಉತ್ತರಿಸಬಹುದು. ಮನೆಯವರು ತಮ್ಮ ಡಬ್ಬಿಯನ್ನು ಬ್ಯಾರಲ್ಲಿಗೆ ಬರಿದುಮಾಡುವಾಗ ಬ್ಯಾರಲ್ಲಿನ ಮೇಲೆ ಕವುಚಿ ಸ್ವಲ್ಪ ಹೊತ್ತು ನಿಲ್ಲಿಸಿ, ಕೊನೆಯ ಹನಿ ಇಳಿದ ಮೇಲೆ ಮುಚ್ಚಳ ಹಾಕಿ ಮರಳಿ ತಂದರೆ, ಮುಂದಿನ ಸಲಕ್ಕೆ ಅದೇ ಡಬ್ಬಿ ಆದೀತು.